ಮರಳಿಗಿಳಿಯುವ ಮುನ್ನ

ಕಳೆದ ರಜೆಯಲ್ಲಿ ಮಕ್ಕಳೊಡನೆ ಕಡಲ ಬದಿಯಲ್ಲಿ ಡೇರೆ ಹೂಡಲೆಂದು ಕಣ್ಣೂರು ಸಮೀಪದ ಮುಳಪ್ಪಿಲಂಗಾಡಿಗೆ ಹೋಗಿದ್ದೆ. ಅಲ್ಲಿ ಸುಮಾರು 4 ಕಿ.ಮೀ. ದೂರ ಮರಳಿನ ಮೇಲೆಯೇ ವಾಹನ ಓಡಿಸಬಹುದು. ವಕೀಲನಾದ ನಾನು ಅನುಮತಿ ಕೇಳಲು ಮರೆಯಲಿಲ್ಲ. ಸಲಿಕೆ, ಹಗ್ಗಗಳನ್ನು ಮರೆತೆ. ನಾಲ್ಕು ಚಕ್ರಗಳೂ ಎಳೆಯುವ ಜೀಪೆಂಬ ಗರ್ವದಿಂದ ಟಯರಿನ ಗಾಳಿಯನ್ನು ತಗ್ಗಿಸದೆಯೇ ಸಡಿಲ ಮರಳಿಗಿಳಿದೆ. ಜೀಪು ಅಚ್ಚಿನವರೆಗೆ ಹೂತಿತು. ಉಬ್ಬರದ ನೀರು ಚಕ್ರಗಳನ್ನು ಮುಟ್ಟುವ ಹೊತ್ತಿಗೆ ಮೀನುಗಾರರು ತಮ್ಮ ಹಗ್ಗದಿಂದ ಎಳೆದು ಉಳಿಸಿದರು.

ಗಾಳಿಯನ್ನು 32ರಿಂದ 18 ಪೌಂಡಿಗೆ ಇಳಿಸಿದರೆ ಟಯರು ಅಗಲವಾಗಿ ಹರಡಿ ಮರಳಿನಲ್ಲಿ ಹೂಳದೆ ಸಾಗುತ್ತದೆ. ಡಾಂಬರು ರಸ್ತೆಗೆ ಹತ್ತುವ ಮುನ್ನ ಮತ್ತೆ ತುಂಬಲು ಪಂಪು ಜೊತೆಗಿರಬೇಕು. ಮನೆಗೆ ಬಂದೊಡನೆ ತಳಭಾಗವನ್ನು ಸಿಹಿನೀರಿನಿಂದ ತೊಳೆಯತಕ್ಕದ್ದು.

ಎಂಟನೆಯ ತರಗತಿಯ ಮಗಳು ಹೊರಡುವಾಗಲೇ ಎಚ್ಚರಿಸಿದ್ದಳು: “ಅಪ್ಪಾ, ಇಂದು ಹುಣ್ಣಿಮೆ, ಉಬ್ಬರ ಹೆಚ್ಚೆಂದು ನಮ್ಮ ಪಾಠದಲ್ಲಿದೆ.”