ಹಗ್ಗ ಬಿಚ್ಚಿದವನಿಗೂ ಪರಿಹಾರ ಸಿಗಬೇಕು

ಮಳೆಗಾಲ ಬಂತೆಂದರೆ ಶಿರಂಗಾಲದ ಹೊಳೆದಂಡೆಯಲ್ಲಿ ದನ ಕಟ್ಟುವ ನಮಗೆ ನಿದ್ದೆ ಇಲ್ಲ. ಕೂಡಿಗೆಯಲ್ಲಿ ಹಾರಂಗಿಯನ್ನು ಸೇರಿಸಿಕೊಂಡೇ ಕಾವೇರಿ ನಮ್ಮ ಕಡೆ ಬರುವುದು. ಭಾಗಮಂಡಲದ ಕಡೆ ಜೋರು ಮಳೆಯಾಗಿ, ಅತ್ತ ಹಾರಂಗಿ ಅಣೆಕಟ್ಟೆಯಿಂದಲೂ ನೀರು ಬಿಟ್ಟರೆ, ಇಲ್ಲಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ.

2019ರ ಆಗಸ್ಟ್‌ನಲ್ಲಿ ಹಾಗೇ ಆಯ್ತು. ರಾತ್ರಿ ಕೊಟ್ಟಿಗೆಗೆ ನೀರು ನುಗ್ಗಿದಾಗ ಮೂರು ದನಗಳ ಹಗ್ಗ ಬಿಚ್ಚಿ ಅಟ್ಟಿದೆ. ಎರಡು ದಿಬ್ಬ ಹತ್ತಿದವು. ಕರೆಯುತ್ತಿದ್ದ ಹಸು ಮಾತ್ರ ಸಿಗಲಿಲ್ಲ.

ಪರಿಹಾರಕ್ಕೆ ಅರ್ಜಿ ಹಾಕಿದೆ. "ಪೋಸ್ಟ್‌ಮಾರ್ಟಂ ರಿಪೋರ್ಟ್ ಎಲ್ಲಿ?" ಅಂದರು. "ಹಸುವೇ ಹೊಳೇಲಿ ಹೋಯ್ತಲ್ಲ ಸಾರ್" ಅಂದೆ. "ಹಾಗಾದ್ರೆ ಸತ್ತಿದೆ ಅಂತ ನಾನು ಹೇಗೆ ಬರೀಲಿ?" ಅಲ್ಲಿಗೆ ಅರ್ಜಿ ನಿಂತಿತು. ಕಟ್ಟಿದಲ್ಲೇ ಬಿಟ್ಟು ಓಡಿದ್ದರೆ ಹೆಣ ಕೊಟ್ಟಿಗೆಯಲ್ಲೇ ಸಿಗುತ್ತಿತ್ತು, ದುಡ್ಡೂ ಬರುತ್ತಿತ್ತು. ಜೀವ ಉಳಿಸಲು ಹಗ್ಗ ಬಿಚ್ಚಿದ್ದೇ ನನಗೆ ಮುಳುವಾಯಿತು.

ವಿಪತ್ತು ಪರಿಹಾರ ನಿಧಿಯ 2022–26ರ ಮಾರ್ಗಸೂಚಿಯಲ್ಲಿ ಹಾಲು ಕೊಡುವ ಹಸು, ಎಮ್ಮೆಗೆ 37,500 ರೂಪಾಯಿ, ಎತ್ತಿಗೆ 32,000, ಕರುವಿಗೆ 20,000, ಕುರಿ, ಮೇಕೆಗೆ 4,000 ಇದೆ. ಕರೆಯುವ ದೊಡ್ಡ ದನವಾದರೆ ಮನೆಗೆ ಮೂರಕ್ಕೇ ಮಿತಿ. ಈ ದುಡ್ಡಿಗೆ ಒಳ್ಳೆ ಮಿಶ್ರತಳಿ ಹಸು ಬರುವುದಿಲ್ಲ, ಆದರೂ ಆಸರೆ. ಆ ಆಸರೆಯೂ ಹೆಣ ತೋರಿಸಿದವರಿಗೆ ಮಾತ್ರ ಎಂದರೆ ಹೇಗೆ?

"ಮಾರಿದ ಹಸುವನ್ನೂ ಹೊಳೆ ಪಾಲಾಯ್ತು ಅಂತಾರೆ" ಎಂಬುದು ಅಧಿಕಾರಿಗಳ ಅನುಮಾನ. ಸುಳ್ಳಲ್ಲ, ಅಂಥವರೂ ಇದ್ದಾರೆ. ಆದರೆ ಆಗ ನನ್ನ ಹಸುವಿಗೆ ಇಲ್ಲದ 12 ಅಂಕಿಯ ಕಿವಿಯೋಲೆ ಈಗಿದೆ. ಮಾಲೀಕನ ಹೆಸರಿನಲ್ಲೇ ನೋಂದಣಿಯಾಗಿರುತ್ತದೆ. ಹಾಲಿನ ಡೇರಿಯ ಪುಸ್ತಕದಲ್ಲಿ ನೆರೆಯ ಹಿಂದಿನ ದಿನದವರೆಗೆ ಎಷ್ಟು ಲೀಟರ್ ಹಾಕಿದ್ದೆ, ಮರುದಿನದಿಂದ ಎಷ್ಟು ಕಡಿಮೆಯಾಯ್ತು ಎಂಬ ಲೆಕ್ಕ ಇದೆ. ಇದರ ಜೊತೆಗೆ ನೆರೆಹೊರೆಯವರ ಮುಂದೆ ಪಂಚನಾಮೆ ಮಾಡಿ, ಒಂದು ತಿಂಗಳು ಕಾದು ದುಡ್ಡು ಕೊಡಲಿ. ಅದೇ ಓಲೆಯ ಹಸು ಮುಂದೆ ಎಲ್ಲಾದರೂ ಸಿಕ್ಕರೆ ಬಡ್ಡಿ ಸಮೇತ ವಸೂಲಿ ಮಾಡಲಿ. ಇಷ್ಟು ಮಾಡಲು ಹೊಸ ಇಲಾಖೆ ಬೇಡ, ಒಂದು ಸುತ್ತೋಲೆ ಸಾಕು. ಗ್ರಾಮಸಭೆಯಲ್ಲಿ ನಾವೇ ಇದನ್ನು ಕೇಳಬೇಕು.

ಅಲ್ಲಿಯವರೆಗೆ ನಾವು ಮಾಡಬೇಕಾದ್ದು ಇಷ್ಟು. ಮಳೆಗಾಲಕ್ಕೆ ಮುಂಚೆ ಪ್ರತಿ ದನದ ಓಲೆ ಸಂಖ್ಯೆ ಕಾಣುವಂತೆ ಫೋಟೋ ತೆಗೆದು ಮನೆಯವರ ಎರಡು ಮೊಬೈಲ್‌ನಲ್ಲಿ ಇಡಿ. ಓಲೆ ಬಿದ್ದಿದ್ದರೆ ಮತ್ತೆ ಹಾಕಿಸಿ. ಡೇರಿ ಪುಸ್ತಕ, ವಿಮೆ ಕಾಗದ ಕೊಟ್ಟಿಗೆಯಲ್ಲಿ ಇಡಬೇಡಿ. ದನ ಸತ್ತರೆ ಪಶುವೈದ್ಯರು ನೋಡುವ ಮುಂಚೆ ಹೂಳಬೇಡಿ. ಕೊಚ್ಚಿಹೋದರೆ ಅಂದೇ ಗ್ರಾಮ ಆಡಳಿತಾಧಿಕಾರಿಗೂ ಪಶು ಆಸ್ಪತ್ರೆಗೂ ಬರೆದುಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.

ನೀರು ಬಂದರೆ ಮಾತ್ರ ಪರಿಹಾರದ ಯೋಚನೆ ಬಿಟ್ಟು ಮೊದಲು ಹಗ್ಗ ಬಿಚ್ಚಿ. ನನ್ನ ಎರಡು ದನ ಉಳಿದದ್ದು ಅದರಿಂದಲೇ.