ಎರೆಮಣ್ಣಿನಲ್ಲಿ ಮಲ್ಲಿಗೆ

ನೆಲಕ್ಕೆ ಒಗ್ಗದ ಗಿಡವನ್ನು ಮನೆಯಂಗಳದಲ್ಲಿ ನೆಡುವುದು ಜಾಣತನವೋ, ಹುಚ್ಚುತನವೋ? ಈ ಪ್ರಶ್ನೆ ಮುಕ್ಕುಂದದ ನಮ್ಮ ಮನೆಯಲ್ಲಿ ಮೂರು ವರ್ಷಗಳಿಂದ ಇತ್ಯರ್ಥವಾಗದೆ ಉಳಿದಿದೆ. ಹುಚ್ಚುತನವೆಂಬುದು ಅಪ್ಪನ ತೀರ್ಪು. ಅಪ್ಪನ ತೀರ್ಪಿನ ಮೇಲೆ ಈ ಸಂಚಿಕೆಯ ಮೂಲಕ ವಾಚಕರ ನ್ಯಾಯಾಲಯಕ್ಕೆ ಅಪೀಲು ಮಾಡಿಕೊಳ್ಳುತ್ತಿದ್ದೇನೆ.

ಗಿಡವೆಂದರೆ ಬೇರೇನಲ್ಲ, ದುಂಡುಮಲ್ಲಿಗೆ. ಮಲ್ಲಿಗೆ ಎಲ್ಲಿ ತಾನೇ ಬೆಳೆಯದು ಎಂದು ಮೈಸೂರಿನವರು ನಕ್ಕಾರು. ಹೂವಿನ ಹಡಗಲಿಯ ಮಲ್ಲಿಗೆಗೂ ಉಡುಪಿಯ ಮಲ್ಲಿಗೆಗೂ ಮೈಸೂರಿನ ಮಲ್ಲಿಗೆಯಂತೆಯೇ ಊರಿನ ಹೆಸರೇ ಬಿರುದಾಗಿದೆ. ಆದರೆ ಮಲ್ಲಿಗೆ ಬಯಸುವುದು ನೀರು ಬಸಿದು ಹೋಗುವ ಹಗುರ ಮಣ್ಣನ್ನು. ನಮ್ಮದು ಎರೆಮಣ್ಣು. ಮಳೆಗಾಲದಲ್ಲಿ ಉಬ್ಬಿ ಅಂಟಾಗುತ್ತದೆ. ಬೇಸಿಗೆಯಲ್ಲಿ ಬಿರಿದು ಎಳೆಯ ಬೇರನ್ನು ಹರಿಯುತ್ತದೆ. ಚೈತ್ರ ವೈಶಾಖಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಇಂಥಲ್ಲಿ ಮಲ್ಲಿಗೆ ಸಾಯುವುದೂ ಇಲ್ಲ, ಬದುಕುವುದೂ ಇಲ್ಲ. ಗಡಿಯ ಮೇಲೆ ನಿಂತಿರುತ್ತದೆ.

ಗಡಿಯ ಮೇಲಿನ ಗಿಡಗಳು ಎಲ್ಲ ದೇಶಗಳಲ್ಲಿಯೂ ಉಂಟು. ಇಂಗ್ಲೆಂಡಿನಲ್ಲಿ ವಸಂತದಲ್ಲಿ ಅರಳುವ ಕೆಮೀಲಿಯ ಗಿಡವನ್ನು ಪೂರ್ವದಿಕ್ಕಿಗೆ ನೆಡಬಾರದೆನ್ನುತ್ತಾರೆ. ರಾತ್ರಿಯ ಹಿಮಕ್ಕೆ ಹೆಪ್ಪುಗಟ್ಟಿದ ಮೊಗ್ಗಿನ ಮೇಲೆ ಎಳೆಬಿಸಿಲು ಥಟ್ಟನೆ ಬಿದ್ದರೆ ಮೊಗ್ಗು ಕಂದಿ ಹೋಗುವುದಂತೆ. ನಮಗಾದರೋ ಪೂರ್ವದ ಗೋಡೆಯೇ ಗತಿ. ಬೆಳಗಿನ ಬಿಸಿಲು ಸಿಗಬೇಕು, ಮಧ್ಯಾಹ್ನದ ಉರಿ ತಪ್ಪಬೇಕು. ಅವರ ಶತ್ರು ನಮ್ಮ ಮಿತ್ರ! ಆದ್ದರಿಂದ ತೋಟದ ವಿದ್ಯೆಯನ್ನು ಪರದೇಶದ ಪುಸ್ತಕದಿಂದ ಇಡಿಯಾಗಿ ಎರವಲು ತರುವಂತಿಲ್ಲ.

ನಾನು ಬಿ.ಎ. ಮೊದಲನೆಯ ವರ್ಷದಲ್ಲಿದ್ದಾಗ ಮೂರು ಸಸಿಗಳನ್ನು ತಂದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಹೀಗಾಗಿ ಎಲ್ಲವನ್ನೂ ಬಲ್ಲೆನೆಂಬ ಗರ್ವ ಇದ್ದೇ ಇತ್ತು. ಎರೆಯಲ್ಲಿ ಗುಂಡಿ ತೋಡಿ ನೆಟ್ಟೆ. ಗಿಡ ಬಾಡಿದಾಗಲೆಲ್ಲ ಕೊಳವೆಬಾವಿಯ ನೀರು ಸುರಿದೆ. ಎಲೆ ಹಳದಿಯಾಯಿತು, ನರ ಮಾತ್ರ ಹಸಿರಾಗಿ ಉಳಿಯಿತು. ಹಸಿವಾಗಿರಬೇಕೆಂದು ಗೊಬ್ಬರ ಹಾಕಿದೆ, ಮತ್ತಷ್ಟು ನೀರೆರೆದೆ. ಅವ್ವ ಒಮ್ಮೆ ನಿಂತು ನೋಡಿ, “ತಮ್ಮಾ, ಅದಕ್ಕ ನೀರು ಹೆಚ್ಚಾಗೈತಿ ನೋಡು,” ಎಂದಳು. ಅಕ್ಷರ ಬಾರದ ಅವ್ವನ ಮಾತನ್ನು ಪದವಿಯ ವಿದ್ಯಾರ್ಥಿ ಕೇಳುವುದುಂಟೆ? ಶ್ರಾವಣದ ಮಳೆಗೆ ಮೂರೂ ಸತ್ತವು. ಕಿತ್ತು ನೋಡಿದರೆ ಬೇರು ಕಪ್ಪಾಗಿ ಕೊಳೆತು ನಾರುತ್ತಿತ್ತು.

ಕಾರಣವನ್ನು ಆಮೇಲೆ ಓದಿ ತಿಳಿದುಕೊಂಡೆ. ಎರೆಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಅದು ದಕ್ಕುವುದಿಲ್ಲ; ಎಲೆ ಹಳದಿಯಾಗುವುದು ಅದರಿಂದಲೇ. ನೀರು ನಿಂತರೆ ಬೇರಿಗೆ ಗಾಳಿಯಿಲ್ಲ. ಉಪ್ಪುನೀರಾದರೆ ಮೇಲೆ ಬಿಳಿಯ ಸವುಳು ಕಟ್ಟುತ್ತದೆ. ನಾನು ಪ್ರೀತಿಯೆಂದು ಎರೆದದ್ದೇ ಗಿಡಕ್ಕೆ ವಿಷವಾಗಿತ್ತು.

ಮರುವರ್ಷ ಗುಂಡಿ ತೋಡಲಿಲ್ಲ. ಪೂರ್ವದ ಗೋಡೆಯ ಬದಿಗೆ ಮೂರಡಿ ಅಗಲ, ಒಂದೂವರೆ ಅಡಿ ಎತ್ತರದ ದಿಬ್ಬ ಕಟ್ಟಿದೆ. ಮಸಾರಿ ಮಣ್ಣು, ಒಂದೆರಡು ಪುಟ್ಟಿ ಉಸುಕು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಕೂಡಿಸಿದೆ. ಬೇಸಿಗೆಗೆ ಬುಡದಲ್ಲಿ ಹುಲ್ಲು ಹೊದಿಸಿದೆ. ಅಕ್ಕಿ, ಕಾಯಿಪಲ್ಯ ತೊಳೆದ ನೀರಷ್ಟೇ ಅದರ ಪಾಲು. ಬಟ್ಟೆ ಒಗೆದ ಸೋಡಾ ನೀರಿಗೆ ಅಲ್ಲಿ ಪ್ರವೇಶವಿಲ್ಲ. ನವೆಂಬರ್ ಕೊನೆಗೆ ನೀರು ನಿಲ್ಲಿಸಿ ಗಿಡಕ್ಕೆ ವಿಶ್ರಾಂತಿ ಕೊಡಬೇಕು. ಡಿಸೆಂಬರ್ ಕೊನೆಗೆ ಮೊಳಕಾಲುದ್ದಕ್ಕೆ ಸವರಬೇಕು. ಆಮೇಲೆ ಗೊಬ್ಬರ ಕೊಟ್ಟು ನೀರು ಬಿಟ್ಟರೆ ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಬರುತ್ತದೆ. ಈ ಸಲ ಯುಗಾದಿಯ ಹೊತ್ತಿಗೆ ಒಂದು ಬಟ್ಟಲು ಮೊಗ್ಗು ಸಿಕ್ಕಿತು. ಅವ್ವ ಅದನ್ನು ಕಟ್ಟಿ ಮೊದಲು ದೇವರಿಗೆ ಏರಿಸಿ, ಉಳಿದದ್ದನ್ನು ತಾನು ಮುಡಿದಳು.

ಇನ್ನು ಅಪ್ಪನ ವಾದ. “ಬೆಳೀಗೇ ನೀರಿಲ್ಲ, ಹೂವಿಗೆ ನೀರೇನೋ? ಈ ನೆಲ ಒಲ್ಲೆ ಅಂದದ್ದನ್ನ ಬೆಳೀಬಾರದು.” ಮಾತು ಸುಳ್ಳಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಊರಿನ ಕಟ್ಟೆಯ ಮೇಲೆ ಎಲ್ಲರ ಮುಖ ಬಾಡಿದ್ದನ್ನು ನಾನೂ ಕಂಡವನೇ. ಆದರೂ ಅಪ್ಪನನ್ನು ವಿನಯದಿಂದ ಒಂದು ಮಾತು ಕೇಳಬೇಕೆನಿಸುತ್ತದೆ. ಭತ್ತವನ್ನು ಈ ನೆಲ ಎಂದು ಕರೆದಿತ್ತು? ಇದು ಜೋಳದ ಸೀಮೆ. 1953ರಲ್ಲಿ ಅಣೆಕಟ್ಟಿನ ನೀರು ಹೊರಟಿತು. 227 ಕಿಲೋಮೀಟರಿನ ಎಡದಂಡೆ ಕಾಲುವೆ ಬಂತು. ಹೆಚ್ಚು ಹೊಲಗಳಿಗೆ ಮಿತವಾಗಿ ನೀರು ಕೊಟ್ಟು ಜೋಳ, ಹತ್ತಿಯಂಥ ಬೆಳೆಗಳನ್ನು ಉಳಿಸುವುದು ಯೋಜನೆಯ ಉದ್ದೇಶವಾಗಿತ್ತು. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರು ಭತ್ತ ಬೆಳೆದರು. ನಮ್ಮವರೂ ಅವರಿಂದ ಕಲಿತರು. ಅನ್ನ ಬಂತು, ಹಣ ಬಂತು. ನನ್ನ ಕಾಲೇಜಿನ ಫೀಜು ಸಹ ಭತ್ತದ ಗದ್ದೆಯಿಂದಲೇ ಬಂತು. ಆದರೆ ಮೇಲಿನವರು ಮಿತಿ ಮೀರಿ ನೀರು ನಿಲ್ಲಿಸಿದರೆ ಕಾಲುವೆಯ ಕೊನೆಯವರಿಗೆ ನೀರಿಲ್ಲ; ನೀರು ಜವುಳುಗಟ್ಟಿದ ಕಡೆ ನೆಲ ಸವುಳಾಯಿತು.

ಹೊರಗಿನ ಗಿಡವನ್ನು ಬೆಳೆಯುವುದಕ್ಕೆ ಎರಡು ದಾರಿಗಳುಂಟು. ಸೀಮೆಯನ್ನೇ ಗಿಡಕ್ಕೆ ತಕ್ಕಂತೆ ಬದಲಿಸುವುದು ಒಂದು. ಮೂರಡಿ ನೆಲವನ್ನಷ್ಟೇ ಹದಮಾಡಿ, ಗಿಡ ಎಷ್ಟು ಕೊಟ್ಟರೆ ಅಷ್ಟರಲ್ಲಿ ತೃಪ್ತಿಪಡುವುದು ಇನ್ನೊಂದು. ನಾನು ಎರಡನೆಯದರ ಪಕ್ಷ. ಅಂಗಳದ ಗಿಡ ಮಿತಿಯ ಪಾಠವನ್ನು ಸಣ್ಣ ಖರ್ಚಿನಲ್ಲಿ ಕಲಿಸುತ್ತದೆ. ಅದೇ ಪಾಠವನ್ನು ಹೊಲದಲ್ಲಿ ಕಲಿಯಹೋದರೆ ಬೆಲೆ ಬಹಳ. ಅದಕ್ಕೇ ನೆಲಕ್ಕೆ ಒಗ್ಗದ ಗಿಡವೊಂದು ಪ್ರತಿಯೊಬ್ಬನ ಮನೆಯಲ್ಲಿಯೂ ಇರಬೇಕೆನ್ನುತ್ತೇನೆ.

ಬರುವ ಜೂನಿನಲ್ಲಿ ನಾನು ಕೆಲಸ ಹುಡುಕಿಕೊಂಡು ಊರು ಬಿಡಬೇಕಾದೀತು. ನಾನಿಲ್ಲದೆ ಬದುಕಲಾರದ ಗಿಡವನ್ನು ಬೆಳೆಸಿದ್ದರೆ ನನ್ನ ತೋಟಗಾರಿಕೆ ಸೋತಂತೆಯೇ. ಅವ್ವನ ಅಕ್ಕಿ ತೊಳೆದ ನೀರಿನಲ್ಲಿ ಅದು ಮುಂದಿನ ಯುಗಾದಿಗೂ ಹೂ ಬಿಟ್ಟರೆ ಅಪೀಲಿನಲ್ಲಿ ಗೆದ್ದೆನೆಂದು ತಿಳಿಯುತ್ತೇನೆ. ತೀರ್ಪು ಇನ್ನೂ ಹೊರಬಿದ್ದಿಲ್ಲ. ಆದರೆ ಮೊನ್ನೆ ಸಂಜೆ ಅಪ್ಪ ಯಾರಿಗೂ ಹೇಳದೆ ದಿಬ್ಬದ ಮೇಲಿನ ಹುಲ್ಲನ್ನು ಸರಿಪಡಿಸುತ್ತಿದ್ದುದನ್ನು ಬಾಗಿಲ ಮರೆಯಿಂದ ಕಂಡೆ.