ಹೊಂಡದ ಕೇಸು ಮತ್ತು ನಮ್ಮ ಅರ್ಜಿ

2022ರ ಆಗಸ್ಟ್ ತಿಂಗಳಲ್ಲಿ ತೆರೆಕಂಡ ‘ನ್ನಾ ತಾನ್ ಕೇಸ್ ಕೊಡ್’ ಎಂಬ ಮಲಯಾಳ ಚಿತ್ರವನ್ನು ನಮ್ಮ ಜಿಲ್ಲೆಯ ಕನ್ನಡಿಗರೂ ನೋಡಿ ನಕ್ಕಿದ್ದಾರೆ. ‘ಹಾಗಾದರೆ ನೀನು ಕೇಸು ಕೊಡು’ ಎಂಬುದು ಆ ಹೆಸರಿನ ಅರ್ಥ. ರತೀಶ್ ಬಾಲಕೃಷ್ಣನ್ ಪೊದುವಾಳ್ ನಿರ್ದೇಶಿಸಿದ ಈ ಚಿತ್ರದ ಕಥೆ ನಡೆಯುವುದು ನಮ್ಮ ಕಾಸರಗೋಡಿನ ನೆಲದಲ್ಲೇ. ನಗು ಮುಗಿದ ಮೇಲೆ ಯೋಚಿಸಬೇಕಾದ ಸಂಗತಿಯೂ ಅದರಲ್ಲಿದೆ.

ಕುಂಚಾಕೋ ಬೋಬನ್ ಅಭಿನಯಿಸಿದ ಕಥಾನಾಯಕ ರಾಜೀವನ್ ಕಳ್ಳತನ ಬಿಟ್ಟು ಮರ್ಯಾದೆಯಿಂದ ಬದುಕುತ್ತಿರುವ ಬಡವ. ಒಂದು ರಾತ್ರಿ ಮೈಮೇಲೆ ಬರುತ್ತಿದ್ದ ಆಟೋರಿಕ್ಷಾದಿಂದ ತಪ್ಪಿಸಿಕೊಳ್ಳಲು ಶಾಸಕರ ಮನೆಯ ಗೋಡೆ ಹಾರುತ್ತಾನೆ, ನಾಯಿಗಳು ಕಚ್ಚುತ್ತವೆ, ಕಳ್ಳನೆಂಬ ಆರೋಪವೂ ಹೊತ್ತುಕೊಳ್ಳುತ್ತದೆ. ವಕೀಲರ ಹಂಗಿಲ್ಲದೆ ತಾನೇ ವಾದಿಸಿದ ಆತ, ಆಟೋ ದಿಕ್ಕು ತಪ್ಪಿದ್ದಕ್ಕೆ ಮಾರ್ಗದ ಹೊಂಡವೇ ಕಾರಣವೆಂದು ಹೇಳಿ ಸಚಿವರನ್ನೇ ನ್ಯಾಯಾಲಯಕ್ಕೆ ಎಳೆಯುತ್ತಾನೆ. ಇಂಥವನು ನಾಯಕನಾಗಬಲ್ಲನೆಂದು ಊರಿನಲ್ಲಿ ಯಾರೂ ಎಣಿಸಿರಲಿಲ್ಲ. ನ್ಯಾಯಾಧೀಶರ ಪಾತ್ರ ವಹಿಸಿ ರಾಜ್ಯ ಪ್ರಶಸ್ತಿ ಪಡೆದ ಪಿ. ಪಿ. ಕುಂಞಿಕೃಷ್ಣನ್ ಅವರೂ ನಮ್ಮ ಜಿಲ್ಲೆಯ ನಿವೃತ್ತ ಅಧ್ಯಾಪಕರೇ.

ಈ ರಾಜೀವನ್‌ನಲ್ಲಿದ್ದ ಧೈರ್ಯದ ಕಾಲು ಪಾಲಾದರೂ ನಮ್ಮಲ್ಲಿ ಇದೆಯೇ? 1969ರ ಕೇರಳ ರಾಜ್ಯಭಾಷಾ ಕಾಯಿದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಡನೆ ಪತ್ರವ್ಯವಹಾರ ನಡೆಸಲು ಅವಕಾಶ ಕೊಟ್ಟಿದೆ. ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಗಳ ಸ್ಥಳೀಯ ಕಚೇರಿಗಳಿಗೂ ಇದು ಅನ್ವಯ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಹೀಗಿದ್ದೂ ಕೆಲಸ ಬೇಗ ಆಗಲೆಂದು ಮಲಯಾಳ ಬಲ್ಲವರನ್ನು ಹುಡುಕಿ ಅರ್ಜಿ ಬರೆಸುವವರು ನಮ್ಮಲ್ಲಿ ಬಹಳ ಮಂದಿ. ಪಿಂಚಣಿಗೋ ರೇಶನ್ ಕಾರ್ಡಿಗೋ ಕಾದು ಬಳಲಿದವನನ್ನು ದೂರುವುದು ತರವಲ್ಲ. ಆದರೆ ಕನ್ನಡ ಅರ್ಜಿಯೇ ಬಾರದ ಕಚೇರಿಗೆ ಕನ್ನಡ ಬಲ್ಲ ಗುಮಾಸ್ತನೇಕೆ ಎಂದು ನಾಳೆ ಮೇಲಿನವರು ಕೇಳಿದರೆ ನಮ್ಮ ಬಳಿ ಉತ್ತರವೇನಿದೆ?

ಇದು ನಮ್ಮೊಬ್ಬರ ಕಷ್ಟವಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ದಿನವೇ, ಬೀದರ್ ಜಿಲ್ಲೆಯಲ್ಲಿದ್ದ ನಾರಾಯಣಖೇಡ, ಜಹೀರಾಬಾದ್ ಪ್ರದೇಶಗಳೂ ಗುಲ್ಬರ್ಗದ ತಾಂಡೂರೂ ಆಂಧ್ರದ ಪಾಲಾದವು. ಈಗ ಅವು ತೆಲಂಗಾಣದಲ್ಲಿವೆ. ನಾರಾಯಣಖೇಡದ ಬಳಿಯ ಕಲ್ಹೇರಿನ ಕನ್ನಡಿಗನಿಗೆ ತೆಲುಗು ಚಿತ್ರ ಹೇಗೋ ನಮಗೆ ಮಲಯಾಳ ಚಿತ್ರ ಹಾಗೆ. ಅವನಿಗೆ ಕೇರಳದ ಕಾಯಿದೆ ಇಲ್ಲ. ಆದರೆ ಸಂವಿಧಾನದ 350ನೇ ವಿಧಿ ಅವನಿಗೂ ನಮಗೂ ಒಂದೇ: ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಹವಾಲು ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು 350-ಎ ವಿಧಿ ಹೇಳುತ್ತದೆ.

2018ರಲ್ಲಿ ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಬಂದಾಗ ಚಪ್ಪಾಳೆ ತಟ್ಟಿದೆವು. ಅದಕ್ಕೆ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂದಾಗ ಹೆಮ್ಮೆಪಟ್ಟೆವು. ಆ ಚಿತ್ರದಲ್ಲಿ ಕನ್ನಡ ಶಾಲೆಯ ಪರವಾಗಿ ನ್ಯಾಯಾಲಯದಲ್ಲಿ ವಾದಿಸಲು ಅನಂತನಾಗ್ ಅವರ ಪಾತ್ರ ಮೈಸೂರಿನಿಂದ ಬರಬೇಕಾಯಿತು. ರಾಜೀವನ್ ಯಾರನ್ನೂ ಕಾಯಲಿಲ್ಲ. ಈ ವ್ಯತ್ಯಾಸವನ್ನು ನಾವು ಮನಸ್ಸಿಗೆ ತಂದುಕೊಳ್ಳಬೇಕು.

ಇದು ಮಲಯಾಳದ ಮೇಲಿನ ದ್ವೇಷದ ಮಾತಲ್ಲ. ನೆರೆಯವರ ಒಳ್ಳೆಯ ಚಿತ್ರವನ್ನು ನೋಡಿ ಮೆಚ್ಚುವುದು ನಮ್ಮ ಸಂಸ್ಕಾರ. ಅದರಿಂದ ಕಲಿಯುವುದು ವಿವೇಕ. ಮುಂದಿನ ಬಾರಿ ಗ್ರಾಮ ಕಚೇರಿಗೆ ಹೋಗುವಾಗ ಅರ್ಜಿಯನ್ನು ಕನ್ನಡದಲ್ಲಿ ಬರೆಯೋಣ, ಪ್ರತಿಯೊಂದನ್ನು ಇಟ್ಟುಕೊಳ್ಳೋಣ, ರಶೀದಿ ಕೇಳಿ ಪಡೆಯೋಣ. ಮಕ್ಕಳ ಕೈಯಿಂದಲೇ ಬರೆಸಿದರೆ ಇನ್ನೂ ಒಳ್ಳೆಯದು. ‘ಹಾಗಾದರೆ ಕೇಸು ಕೊಡು’ ಎಂದು ಯಾರಾದರೂ ಅಂದರೆ, ಕೊಡಲು ನಮ್ಮ ಕೈಯಲ್ಲಿ ಆ ಕಾಗದವಾದರೂ ಇರಬೇಕಲ್ಲವೇ?